ಅಪ್ಪನ ಹನಿ ಬಾಟಲಿ, ಸ್ಕೂಟರ್ ಚಾವಿ: ವಯಸ್ಸಾದವರ ಭಂಗಿ (ಗಾಂಜಾ) ಬಳಕೆ ಬಗ್ಗೆ ಮಾತಾಡಬೇಕಿದೆ

ಅಘನಾಶಿನಿ ದಂಡೆ, ಕುಮಟಾ
ಭಾನುವಾರ, ಬೆಳಿಗ್ಗೆ 7:50

ಎಲ್ಲರಿಗೂ ನಮಸ್ಕಾರ. ಈ ಗುಂಪಿನಲ್ಲಿ ನಾವು ಮಳೆ, ಅಡಿಕೆ ದರ, ಹೆದ್ದಾರಿ ಹೊಂಡ ಇವುಗಳ ಬಗ್ಗೆಯೇ ಜಾಸ್ತಿ ಮಾತಾಡುತ್ತೇವೆ. ಇವತ್ತು ಮನೆಯ ಒಂದು ವಿಷಯ ಬರೆಯುತ್ತಿದ್ದೇನೆ. ಬರೆಯಲು ಮೂರು ವಾರ ಹಿಂದೆಮುಂದೆ ನೋಡಿದೆ. ಅಪ್ಪನನ್ನು ಕೇಳಿ, ಅವರು ಒಪ್ಪಿದ ಮೇಲೆಯೇ ಬರೆಯುತ್ತಿದ್ದೇನೆ.

ಅಪ್ಪನಿಗೆ 71 ವರ್ಷ. ಮೊಣಕಾಲು ನೋವು ಹಳೆಯದು. ಮಳೆಗಾಲ ಬಂದರೆ ರಾತ್ರಿ ನಿದ್ದೆ ಇಲ್ಲ. ಎರಡು ವರ್ಷದ ಹಿಂದೆ ಪರಿಚಯದವರೊಬ್ಬರು ಆನ್‌ಲೈನ್‌ನಲ್ಲಿ ಸಿಗುವ 'ವಿಜಯಾ' ಹನಿ ಔಷಧಿ ಬಗ್ಗೆ ಹೇಳಿದರು. ನಾಲಿಗೆ ಅಡಿಗೆ ನಾಲ್ಕು ಹನಿ ಬಿಟ್ಟುಕೊಂಡು ಮಲಗಿದರೆ ನಿದ್ದೆ ಬರುತ್ತದೆ ಎಂದರು. ಬಂತು. ಮನೆಯಲ್ಲಿ ಎಲ್ಲರಿಗೂ ಸಮಾಧಾನವಾಯಿತು. ವಿಜಯಾ ಅಂದರೆ ಭಂಗಿ ಅಂತ ನನಗೆ ಗೊತ್ತಿರಲಿಲ್ಲ. ಅಪ್ಪನಿಗೆ ಗೊತ್ತಿತ್ತು. ಆದರೆ ಡಬ್ಬಿಯ ಮೇಲೆ ಆಯುರ್ವೇದ ಎಂದು ಬರೆದಿತ್ತಲ್ಲ, ಅವರ ಮನಸ್ಸಿನಲ್ಲಿ ಅದು ಔಷಧಿಯಾಗಿಯೇ ಉಳಿಯಿತು.

ನಾಲ್ಕು ಹನಿ ಎಂಟಾಯಿತು. ಆಮೇಲೆ ಮಧ್ಯಾಹ್ನ ಊಟವಾದ ಮೇಲೂ ನಾಲ್ಕು. ಕಳೆದ ತಿಂಗಳು ಒಂದು ದಿನ ಮಧ್ಯಾಹ್ನ ಮೂರು ಗಂಟೆಗೆ ಸೊಸೈಟಿಗೆ ಅಂತ ಸ್ಕೂಟರ್ ತೆಗೆದರು. ಶಿರಸಿ ರಸ್ತೆಯ ಒಂದು ತಿರುವು. ಮೂವತ್ತು ವರ್ಷದಿಂದ ಓಡಾಡಿದ ದಾರಿ. ಗಾಡಿ ಮೆಲ್ಲಗೆ ಬಲಕ್ಕೆ ಸರಿಯಿತು. ಎದುರಿನಿಂದ ಬಸ್. ಬಸ್ಸಿನವರು ಹಾರ್ನ್ ಹೊಡೆದು ಬ್ರೇಕ್ ಹಾಕಿದರು. ಅಪ್ಪ ಗಾಬರಿಯಿಂದ ಎಡಕ್ಕೆ ಎಳೆದು ಚರಂಡಿಗೆ ಬಿದ್ದರು. ಬಲಗೈ ಮಣಿಕಟ್ಟು ಮುರಿಯಿತು. ಹೆಲ್ಮೆಟ್ ಇತ್ತು, ಜೀವ ಉಳಿಯಿತು.

ಆಸ್ಪತ್ರೆಯಲ್ಲಿ "ಕುಡಿದಿದ್ದರಾ?" ಅಂತ ಕೇಳಿದರು. ಇಲ್ಲ ಎಂದೆ. ಅಪ್ಪ ಒಂದು ದಿನವೂ ಕುಡಿದವರಲ್ಲ. ಬಿಪಿ ಮಾತ್ರೆ, ಸಕ್ಕರೆ ಮಾತ್ರೆ ಎಲ್ಲ ಬರೆಸಿದೆ. ಹನಿ ವಿಷಯ ಅವರು ಕೇಳಲಿಲ್ಲ, ನಾನು ಹೇಳಲಿಲ್ಲ. ನನಗೆ ಅದು ಹೊಳೆಯಲೇ ಇಲ್ಲ. ಒಂದು ವಾರ ಕಳೆದ ಮೇಲೆ ಅಪ್ಪ ತಾವಾಗಿಯೇ ಹೇಳಿದರು: "ಬಸ್ ಕಂಡಿತ್ತು. ಇನ್ನೂ ದೂರ ಇದೆ ಅಂತ ಅನ್ನಿಸ್ತಾ ಇತ್ತು."

ಆ ಮಾತು ಕೇಳಿದಂದಿನಿಂದ ನನಗೆ ನಿದ್ದೆ ಸರಿ ಬರುತ್ತಿಲ್ಲ. ಹರೆಯದ ಹುಡುಗರು ಗೋಕರ್ಣದ ಕಡೆ ಸೇದಿ ಬೈಕ್ ಓಡಿಸುತ್ತಾರೆ ಅಂತ ನಾವು ಬೈಯುತ್ತೇವೆ. ಮನೆಯಲ್ಲಿ ಅಪ್ಪ, ಮಾವ, ಅಜ್ಜ ನೋವಿಗೆ, ನಿದ್ದೆಗೆ ಅಂತ ಅದನ್ನೇ ತಗೊಂಡು ಗಾಡಿ ಹತ್ತಿದರೆ ನಮಗೆ ಗೊತ್ತೇ ಆಗುವುದಿಲ್ಲ. ಅಮಲಿಗಾಗಿ ತಗೊಂಡವನಿಗೆ ತಾನು ಅಮಲಿನಲ್ಲಿದ್ದೇನೆ ಅಂತ ಗೊತ್ತಿರುತ್ತದೆ. ನೋವಿಗೆ ತಗೊಂಡವರು ಆ ಲೆಕ್ಕವನ್ನೇ ಹಾಕುವುದಿಲ್ಲ.

ನಿಮ್ಮ ಮನೆಗಳಲ್ಲಿ ಹೀಗೆ ಆಗಿದೆಯಾ? ತಗೊಂಡ ಮೇಲೆ ಎಷ್ಟು ಹೊತ್ತು ಗಾಡಿ ಮುಟ್ಟಬಾರದು? ಅಪ್ಪನಿಗೆ ನೋವಾಗದ ಹಾಗೆ ಇದನ್ನು ಹೇಗೆ ಹೇಳುವುದು?

ಶಿರಸಿ ಪೇಟೆ
ಭಾನುವಾರ, ಬೆಳಿಗ್ಗೆ 8:35

ಅಕ್ಕ, ನಿಮ್ಮ ಅಪ್ಪ ಬೇಗ ಹುಷಾರಾಗಲಿ. ಆದರೆ ಎಲ್ಲದಕ್ಕೂ ಹನಿಯನ್ನೇ ದೂರಬೇಕಾ ಅಂತ ನನ್ನ ಅನುಮಾನ. 71 ವರ್ಷ, ಮಧ್ಯಾಹ್ನದ ಊಟ, ಸೆಖೆ. ತೂಕಡಿಕೆ ಯಾರಿಗಾದರೂ ಬರುತ್ತದೆ. ಆ ರಸ್ತೆಯ ಅಗಲೀಕರಣ ಇಷ್ಟು ವರ್ಷದಿಂದ ನಡೆಯುತ್ತಿದೆ, ಎಲ್ಲಿ ಜಲ್ಲಿ ಬಿದ್ದಿರುತ್ತದೋ ಗೊತ್ತಾಗುವುದಿಲ್ಲ. ಅಲ್ಲದೆ ಭಂಗಿ ತಗೊಂಡವರು ನಿಧಾನವಾಗಿ ಓಡಿಸುತ್ತಾರೆ ಅಂತ ಕೇಳಿದ್ದೇನೆ. ಕುಡಿದವರ ಹಾಗೆ ನುಗ್ಗುವುದಿಲ್ಲ.

ನಿವೃತ್ತ ವೈದ್ಯ, ಹೊನ್ನಾವರ
ಭಾನುವಾರ, ಬೆಳಿಗ್ಗೆ 10:10

ಮೂವತ್ತು ವರ್ಷ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಕೆಲಸ ಮಾಡಿದ್ದೇನೆ. ಈ ಪ್ರಶ್ನೆಗೆ ಸ್ವಲ್ಪ ಉದ್ದ ಉತ್ತರ ಬೇಕು, ಸಮಾಧಾನದಿಂದ ಓದಿ.

ಭಂಗಿ ಗಿಡದಲ್ಲಿ ಅಮಲು ಕೊಡುವ ಮುಖ್ಯ ಅಂಶಕ್ಕೆ ಟಿಎಚ್‌ಸಿ ಎನ್ನುತ್ತಾರೆ. ಸೇದಿದರೆ ಅದು ಶ್ವಾಸಕೋಶದಿಂದ ನೇರ ರಕ್ತಕ್ಕೆ ಹೋಗುತ್ತದೆ. ಕೆಲವೇ ನಿಮಿಷದಲ್ಲಿ ಏರುತ್ತದೆ, ಮೂರು ನಾಲ್ಕು ಗಂಟೆಯಲ್ಲಿ ಬಹುಪಾಲು ಇಳಿಯುತ್ತದೆ. ತಿಂದರೆ, ಕುಡಿದರೆ ಕತೆಯೇ ಬೇರೆ. ಹೊಟ್ಟೆಯಿಂದ ಯಕೃತ್ತಿಗೆ ಹೋಗುತ್ತದೆ. ಅಲ್ಲಿ ಅದು ಇನ್ನೊಂದು ರೂಪ ಪಡೆಯುತ್ತದೆ, ಮಿದುಳಿನ ಮೇಲೆ ಆ ರೂಪದ ಪರಿಣಾಮ ಜೋರು. ಶುರುವಾಗಲು ಅರ್ಧ ಗಂಟೆಯಿಂದ ಎರಡು ಗಂಟೆ ಬೇಕು. ಜೋರು ಹಿಡಿಯುವುದು ಎರಡರಿಂದ ನಾಲ್ಕು ಗಂಟೆಗೆ. ಆರೆಂಟು ಗಂಟೆ ಇರುತ್ತದೆ, ಕೆಲವರಲ್ಲಿ ಅದಕ್ಕೂ ಜಾಸ್ತಿ. ನಾಲಿಗೆ ಅಡಿಗೆ ಬಿಟ್ಟ ಹನಿಯಲ್ಲೂ ಹೆಚ್ಚಿನ ಪಾಲು ಎಂಜಲಿನ ಜೊತೆ ಹೊಟ್ಟೆಗೇ ಇಳಿಯುತ್ತದೆ. ನಿಮ್ಮ ಅಪ್ಪ ಊಟ ಮುಗಿಸಿ ಒಂದು ಗಂಟೆಗೆ ಹನಿ ತಗೊಂಡಿದ್ದರೆ, ಮೂರು ಗಂಟೆ ಅಂದರೆ ಅದು ಏರುತ್ತಿರುವ ಹೊತ್ತು.

ಇನ್ನು ವಯಸ್ಸಿನ ವಿಷಯ. ಟಿಎಚ್‌ಸಿ ಕೊಬ್ಬಿನಲ್ಲಿ ಕರಗುವಂಥದ್ದು. ವಯಸ್ಸಾದಂತೆ ಮೈಯಲ್ಲಿ ನೀರಿನ ಅಂಶ ಕಡಿಮೆಯಾಗಿ ಕೊಬ್ಬಿನ ಪಾಲು ಏರುತ್ತದೆ. ಯಕೃತ್ತಿನ ಕೆಲಸ ನಿಧಾನವಾಗುತ್ತದೆ. ಹಾಗಾಗಿ ಅದೇ ನಾಲ್ಕು ಹನಿ ಮೂವತ್ತರ ಹುಡುಗನಲ್ಲಿ ಮಾಡುವುದಕ್ಕಿಂತ ಎಪ್ಪತ್ತರವರಲ್ಲಿ ಜಾಸ್ತಿ ಮಾಡಬಹುದು, ಜಾಸ್ತಿ ಹೊತ್ತು ಉಳಿಯಬಹುದು. ಇದರ ಮೇಲೆ ಬೇರೆ ಮಾತ್ರೆಗಳು. ಬಿಪಿ ಮಾತ್ರೆ ಜೊತೆ ಸೇರಿದರೆ ಎದ್ದು ನಿಂತಾಗ ತಲೆ ಸುತ್ತುತ್ತದೆ. ನಿದ್ದೆಗೆ ಕೊಡುವ ಅಲ್ಪ್ರಜೋಲಾಮ್, ಕ್ಲೋನಜೆಪಾಮ್, ನರದ ನೋವಿಗೆ ಕೊಡುವ ಪ್ರಿಗಾಬಲಿನ್, ನೆಗಡಿಗೆ ನುಂಗುವ ಸೆಟ್ರಿಜಿನ್, ಇವೆಲ್ಲ ಮಂಪರು ತರುವಂಥವು. ಒಂದರ ಮೇಲೊಂದು ಕೂಡುತ್ತವೆ. ರಕ್ತ ತೆಳುಮಾಡುವ ವಾರ್ಫರಿನ್ ತಗೊಳ್ಳುವವರಲ್ಲಿ ಭಂಗಿ ಆ ಮಾತ್ರೆಯ ಪ್ರಭಾವ ಏರಿಸಿ ರಕ್ತಸ್ರಾವದ ಅಪಾಯ ತರಬಹುದು. ಅಂಥವರು ಬಿದ್ದರೆ ಆಗುವ ಹಾನಿ ದೊಡ್ಡದು.

ಶಿರಸಿಯವರು ಹೇಳಿದ್ದು ನಿಜ, ತಗೊಂಡವರು ನಿಧಾನ ಓಡಿಸುತ್ತಾರೆ. ಆದರೆ ಅದು ರಕ್ಷಣೆ ಅಲ್ಲ. ಒಂದೇ ಸಮ ದಾರಿಯಲ್ಲಿ ನಿಧಾನ ಹೋಗಿ ಸಂಭಾಳಿಸಬಹುದು. ದನ ಅಡ್ಡ ಬಂದಾಗ, ತಿರುವಿನಲ್ಲಿ ಬಸ್ ಕಂಡಾಗ ಕಣ್ಣು, ಕೈ, ಕಾಲು ಮೂರೂ ಒಟ್ಟಿಗೆ ಕೆಲಸ ಮಾಡಬೇಕು. ಅಲ್ಲೇ ಅದು ಕೈಕೊಡುತ್ತದೆ. ದೂರ ಮತ್ತು ಹೊತ್ತಿನ ಅಂದಾಜು ತಪ್ಪುತ್ತದೆ. "ಬಸ್ ಇನ್ನೂ ದೂರ ಇದೆ ಅನ್ನಿಸ್ತಾ ಇತ್ತು" ಎಂದರಲ್ಲ, ನಿಮ್ಮ ತಂದೆಯವರು ಅದನ್ನು ಬಹಳ ಸರಿಯಾಗಿ ಹೇಳಿದ್ದಾರೆ.

ಮುಂದಿನ ಸಲ ವೈದ್ಯರ ಹತ್ತಿರ ಹೋಗುವಾಗ ಆ ಬಾಟಲಿಯನ್ನೂ ಚೀಲಕ್ಕೆ ಹಾಕಿಕೊಂಡು ಹೋಗಿ.

ಅರಬೈಲ್ ಘಟ್ಟ
ಭಾನುವಾರ, ಮಧ್ಯಾಹ್ನ 12:20

ನಾನು ಲಾರಿ ಓಡಿಸುವವನು. ಬೇಲೆಕೇರಿ ಬಂದರಿಗೆ ಅದಿರು ಸಾಗುತ್ತಿದ್ದ ಕಾಲದಿಂದ ಈ ಘಟ್ಟ ಹತ್ತಿ ಇಳಿದಿದ್ದೇನೆ. ಡಾಕ್ಟರ್ ಹೇಳಿದ ಮಾತಿಗೆ ನನ್ನದೊಂದು ಸೇರಿಸುತ್ತೇನೆ.

ನಮಗೆ ಹೆದರಿಕೆ ಜೋರಾಗಿ ಬರುವವರದ್ದಲ್ಲ. ಅವರು ದೂರದಿಂದಲೇ ಗೊತ್ತಾಗುತ್ತಾರೆ. ಹೆದರಿಕೆ ಇರುವುದು ನಿಧಾನವಾಗಿ, ಒಂದೇ ಸಮ ಬರುತ್ತಾ, ತನಗೆ ಗೊತ್ತಿಲ್ಲದೆ ನಡುಗೆರೆ ದಾಟಿ ಬರುವವರದ್ದು. ನಾನು ಹಾರ್ನ್ ಹೊಡೆದರೆ ತಟ್ಟನೆ ತಿರುಗಬೇಕು. ತಿರುಗುವುದಿಲ್ಲ. ನನ್ನನ್ನು ನೋಡುತ್ತಲೇ ಬರುತ್ತಾರೆ. 40 ವೇಗದಲ್ಲಿ ಒಂದು ಸೆಕೆಂಡಿಗೆ 11 ಮೀಟರ್ ಗಾಡಿ ಸಾಗಿರುತ್ತದೆ. ಎದುರು ನಾನೂ ಅಷ್ಟೇ ವೇಗದಲ್ಲಿದ್ದರೆ 22 ಮೀಟರ್. ಘಟ್ಟದ ತಿರುವಿನಲ್ಲಿ ಒಬ್ಬರಿಗೊಬ್ಬರು ಕಾಣುವುದೇ ಕೆಲವೊಮ್ಮೆ ನಲವತ್ತು ಐವತ್ತು ಮೀಟರ್. ಲೋಡ್ ಇರುವ ಲಾರಿ ಇಳಿಜಾರಿನಲ್ಲಿ ಬ್ರೇಕ್ ಒತ್ತಿದ ಜಾಗದಲ್ಲಿ ನಿಲ್ಲುವುದಿಲ್ಲ.

ಯಾರ ಅಪ್ಪನ ಬಗ್ಗೆಯೂ ಕೆಟ್ಟದ್ದು ಹೇಳುತ್ತಿಲ್ಲ. ನನ್ನ ಎದುರು ಬರುವ ಪ್ರತಿ ಬಿಳಿ ಕೂದಲಿನವರಲ್ಲೂ ನನ್ನ ಅಪ್ಪನೇ ಕಾಣುತ್ತಾರೆ. ಅದಕ್ಕೇ ಬರೆದೆ.

ಅಡಿಕೆ ತೋಟ, ಸಿದ್ದಾಪುರ
ಭಾನುವಾರ, ಮಧ್ಯಾಹ್ನ 3:05

ನನಗೆ 69. ಇಲ್ಲಿ ಯಾರೂ ಹೆಸರು ಹಾಕುವುದಿಲ್ಲವಾದ್ದರಿಂದ ಮುಚ್ಚಿಡದೆ ಹೇಳುತ್ತೇನೆ. ನಾನು ಭಂಗಿ ಸೇದುತ್ತೇನೆ. ಹರೆಯದಲ್ಲಿ ಅಪರೂಪಕ್ಕೆ. ಹೆಂಡತಿ ತೀರಿಕೊಂಡು ನಾಲ್ಕು ವರ್ಷವಾಯಿತು, ಆಮೇಲೆ ಹೆಚ್ಚು ಕಡಿಮೆ ದಿನಾ ಸಂಜೆ. ಮಕ್ಕಳು ಬೆಂಗಳೂರಿನಲ್ಲಿದ್ದಾರೆ. ಸಂಜೆ ದೀಪ ಹಚ್ಚಿದ ಮೇಲೆ ಮನೆಯಲ್ಲಿ ನಾನೊಬ್ಬನೇ.

ನಮ್ಮ ಮನೆಯಿಂದ ಬಸ್ ನಿಲ್ಲುವ ಜಾಗಕ್ಕೆ ಮೂರು ಕಿಲೋಮೀಟರ್. ಹಳೆಯ ಓಮ್ನಿ ಇದೆ. ಪೇಟೆಗೆ, ಸೊಸೈಟಿಗೆ, ಬ್ಯಾಂಕಿಗೆ, ಯಕ್ಷಗಾನದ ಆಟಕ್ಕೆ ಎಲ್ಲದಕ್ಕೂ ಅದೇ. ಇಷ್ಟು ವರ್ಷದಲ್ಲಿ ಒಬ್ಬರಿಗೂ ತಾಗಿಸಿಲ್ಲ. ಸೇದಿದ ದಿನ ಇನ್ನೂ ಜಾಗ್ರತೆಯಿಂದ ಓಡಿಸುತ್ತೇನೆ. ಗುರುತಿನ ದಾರಿ ಬಿಟ್ಟು ಹೋಗುವುದಿಲ್ಲ.

ತಂಗಿ, ನಿನ್ನ ಅಪ್ಪನ ಕೈಯಿಂದ ಚಾವಿ ಕಿತ್ತುಕೊಳ್ಳುವ ಮೊದಲು ಒಂದು ಯೋಚನೆ ಮಾಡು. ನಮ್ಮ ವಯಸ್ಸಿನವರಿಗೆ ಗಾಡಿ ಅಂದರೆ ಬರೀ ಗಾಡಿ ಅಲ್ಲ. ಅದು ಹೋದರೆ ಉಪ್ಪಿನಿಂದ ಹಿಡಿದು ಮಾತ್ರೆ ತನಕ ಇನ್ನೊಬ್ಬರ ಮುಖ ನೋಡಬೇಕು. ನೋವಿಗೆ ಮದ್ದಿಲ್ಲ, ಮಾತಿಗೆ ಜನ ಇಲ್ಲ. ಇದ್ದ ಒಂದು ಆಸರೆಗೂ ತಪ್ಪು ಹೊರಿಸಿದರೆ ಏನು ಮಾಡಬೇಕು ಹೇಳು.

ಅಘನಾಶಿನಿ ದಂಡೆ, ಕುಮಟಾ
ಭಾನುವಾರ, ಸಂಜೆ 5:30

ಮಾವ, ನೀವು ಇಷ್ಟು ಬಿಚ್ಚಿ ಬರೆದಿದ್ದಕ್ಕೆ ಕೈ ಮುಗಿಯುತ್ತೇನೆ. ನಿಮ್ಮ ಮಾತು ಅಪ್ಪನಿಗೆ ಓದಿ ಹೇಳಿದೆ. ಅವರು ತುಂಬಾ ಹೊತ್ತು ಸುಮ್ಮನೆ ಕೂತಿದ್ದರು. ಆಮೇಲೆ "ಅವರು ಹೇಳಿದ್ದು ಸರಿ ಇದೆ" ಎಂದರು.

ನಾನು ಚಾವಿ ಕಿತ್ತುಕೊಂಡಿಲ್ಲ. ಕಿತ್ತುಕೊಳ್ಳುವುದೂ ಇಲ್ಲ. ಆದರೆ ಅಪ್ಪನೂ ಬೀಳುವ ಹಿಂದಿನ ದಿನದ ತನಕ ಇದೇ ಮಾತು ಹೇಳುತ್ತಿದ್ದರು: ಜಾಗ್ರತೆಯಿಂದ ಹೋಗುತ್ತೇನೆ, ಗುರುತಿನ ದಾರಿ, ಒಬ್ಬರಿಗೂ ತಾಗಿಸಿಲ್ಲ. ಬಿದ್ದ ದಿನವೂ ಅವರಿಗೆ ತಾನು ಸರಿ ಇದ್ದೇನೆ ಅಂತಲೇ ಅನ್ನಿಸಿತ್ತು. ಅದಕ್ಕೇ ನನಗೆ ಭಯ. ನಿಮ್ಮ ಜೊತೆ ಗಾಡಿಯಲ್ಲಿ ಕೂತು ಬರುವವರು ಯಾರಾದರೂ ಇದ್ದಾರಾ? ಅವರನ್ನು ಒಮ್ಮೆ ಕೇಳಿ ನೋಡಿ. ಮನಸ್ಸಿಗೆ ಬೇಜಾರು ಮಾಡಿಕೊಳ್ಳಬೇಡಿ.

ಟೊರಾಂಟೊದಲ್ಲಿರುವ ಭಟ್ಕಳದವಳು
ಭಾನುವಾರ, ರಾತ್ರಿ 9:15

ಇಲ್ಲಿ ಕೆನಡಾದಲ್ಲಿ 2018ರ ಅಕ್ಟೋಬರ್‌ನಿಂದ ಗಾಂಜಾ ಕಾನೂನುಬದ್ಧ. ಅಂಗಡಿಗಳಲ್ಲಿ ಬಿಳಿ ಕೂದಲಿನವರು ಸಾಲಿನಲ್ಲಿ ನಿಂತಿರುವುದನ್ನು ನೋಡುತ್ತೇನೆ. ಸಂಧಿನೋವಿಗೆ, ನಿದ್ದೆಗೆ ಅಂತಲೇ ಹೆಚ್ಚಿನವರು ತಗೊಳ್ಳುತ್ತಾರೆ. ನಾನು ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವುದರಿಂದ ಈ ಪ್ರಶ್ನೆ ನಮಗೂ ಬರುತ್ತದೆ.

ಟೊರಾಂಟೊದಲ್ಲೇ ನಡೆದ ಒಂದು ಅಧ್ಯಯನ 2024ರ ಜನವರಿಯಲ್ಲಿ ಪ್ರಕಟವಾಯಿತು. 65ರಿಂದ 79 ವರ್ಷದೊಳಗಿನ 31 ಜನ. ಮೊದಲೇ ರೂಢಿ ಇದ್ದವರು. ಸೇದಿದ ಅರ್ಧ ಗಂಟೆಗೆ ಅವರನ್ನು ನಿಜವಾದ ರಸ್ತೆಗೆ ಬಿಡದೆ, ಗಾಡಿ ಓಡಿಸುವ ಅನುಭವ ಕೊಡುವ ಯಂತ್ರದಲ್ಲಿ ಕೂರಿಸಿದರು. ವೇಗ ಕಡಿಮೆಯಾಗಿತ್ತು. ಜೊತೆಗೆ ಗಾಡಿ ತನ್ನ ಸಾಲಿನಲ್ಲಿ ಎಡಕ್ಕೆ ಬಲಕ್ಕೆ ಓಲಾಡುವುದು ಜಾಸ್ತಿಯಾಗಿತ್ತು. ಅಂದರೆ ಲಾರಿ ಅಣ್ಣ ಘಟ್ಟದಲ್ಲಿ ಕಂಡಿದ್ದೂ ಅದೇ. ಮೂರು ಗಂಟೆ ಕಳೆದ ಮೇಲೆ ಆ ವ್ಯತ್ಯಾಸ ಕಾಣಲಿಲ್ಲ.

ನನಗೆ ಮುಖ್ಯ ಅನ್ನಿಸಿದ್ದು ಇನ್ನೊಂದು. ರಕ್ತದಲ್ಲಿದ್ದ ಟಿಎಚ್‌ಸಿ ಪ್ರಮಾಣಕ್ಕೂ ಗಾಡಿ ಓಲಾಡಿದ ಮಟ್ಟಕ್ಕೂ ಹೊಂದಾಣಿಕೆ ಕಾಣಲಿಲ್ಲ. ಮದ್ಯದಲ್ಲಿ ಇಷ್ಟು ಕುಡಿದರೆ ಇಷ್ಟು ಅಂತ ಒಂದು ಅಂದಾಜು ಸಿಗುತ್ತದೆ. ಇದರಲ್ಲಿ ಹಾಗೆ ಸಿಗುವುದಿಲ್ಲ. ಇಲ್ಲಿನ ಕಾನೂನು ಒಂದು ಮಿಲಿಲೀಟರ್ ರಕ್ತದಲ್ಲಿ 2 ನ್ಯಾನೋಗ್ರಾಂ, 5 ನ್ಯಾನೋಗ್ರಾಂ ಅಂತ ಗೆರೆ ಹಾಕಿದೆ ನಿಜ. ಆದರೆ ಗೆರೆಯ ಕೆಳಗಿದ್ದವರೆಲ್ಲ ಸುರಕ್ಷಿತ ಅಂತ ಅರ್ಥ ಅಲ್ಲ.

ದಯವಿಟ್ಟು "ಮೂರು ಗಂಟೆ ಬಿಟ್ಟರೆ ಸಾಕು" ಅಂತ ಇದನ್ನು ಓದಬೇಡಿ. ಅವರು ಸೇದಿದವರು, ಹನಿ ತಗೊಂಡವರಲ್ಲ. 31 ಜನರ ಸಣ್ಣ ಗುಂಪು. ಇಲ್ಲಿನ ಅಗಲ ರಸ್ತೆ ಬೇರೆ, ದೇವಿಮನೆ ಘಟ್ಟ ಬೇರೆ. ಇಲ್ಲಿನ ಆರೋಗ್ಯ ಸಲಹೆಯಲ್ಲೇ ಕನಿಷ್ಠ 6 ಗಂಟೆ ಗಾಡಿ ಮುಟ್ಟಬೇಡಿ ಎನ್ನುತ್ತಾರೆ. ಹೊಟ್ಟೆಗೆ ತಗೊಂಡವರು ಅದಕ್ಕಿಂತ ಜಾಸ್ತಿ ಕಾಯಬೇಕು. ನನ್ನ ಅಮ್ಮ ಕೇಳಿದ್ದರೆ "ರಾತ್ರಿ ತಗೊಂಡರೆ ಮರುದಿನ ತಿಂಡಿ ಮುಗಿಯುವ ತನಕ ಗಾಡಿ ಬೇಡ, ಹಗಲು ತಗೊಂಡರೆ ಆ ದಿನ ಗಾಡಿ ಇಲ್ಲ" ಅಂತಲೇ ಹೇಳುತ್ತಿದ್ದೆ. ಬೆಳಿಗ್ಗೆಯೂ ಮಂಪರು ಇದ್ದರೆ ಆವತ್ತು ಪೂರ್ತಿ ಇಲ್ಲ.

ಶಿರಸಿ ಪೇಟೆ
ಭಾನುವಾರ, ರಾತ್ರಿ 9:50

ಬೆಳಿಗ್ಗೆ ನಾನು ಬರೆದದ್ದು ದುಡುಕಿನ ಮಾತಾಯಿತು, ಅಕ್ಕ. ನಿಧಾನ ಓಡಿಸಿದರೆ ಸುರಕ್ಷಿತ ಅಂತಲೇ ನಾನು ತಿಳಿದಿದ್ದೆ. ಇಷ್ಟು ಹೊತ್ತಿಗೆ ನನ್ನ ಮಾವನ ಮನೆಗೂ ಫೋನ್ ಮಾಡಿ ಕೇಳಿದೆ. ಅವರ ಟೇಬಲ್ ಮೇಲೂ ಒಂದು ಡಬ್ಬಿ ಇದೆಯಂತೆ, ನಿದ್ದೆಗೆ ಅಂತ. ನಾಳೆ ಹೋಗಿ ನೋಡುತ್ತೇನೆ.

ಕರಿಕೋಟು, ಅಂಕೋಲಾ
ಸೋಮವಾರ, ಬೆಳಿಗ್ಗೆ 8:00

ಕಾನೂನಿನ ಪ್ರಶ್ನೆ ಯಾರೂ ಕೇಳಲಿಲ್ಲ, ಆದರೆ ಹೇಳಲೇಬೇಕು. ಇದರಲ್ಲಿ ತುಂಬಾ ತಪ್ಪು ತಿಳಿವಳಿಕೆ ಇದೆ.

ಮಾದಕ ವಸ್ತುಗಳನ್ನು ತಡೆಯುವ 1985ರ ಎನ್‌ಡಿಪಿಎಸ್ ಕಾಯ್ದೆಯಲ್ಲಿ ಗಾಂಜಾ ಅಂದರೆ ಗಿಡದ ಹೂ, ಕಾಯಿ ಬಿಟ್ಟ ತುದಿ. ತುದಿ ಜೊತೆಗಿಲ್ಲದ ಬರೀ ಎಲೆ ಮತ್ತು ಬೀಜ ಆ ವ್ಯಾಖ್ಯೆಯಲ್ಲಿ ಬರುವುದಿಲ್ಲ. 2022ರ ಆಗಸ್ಟ್‌ನಲ್ಲಿ ನಮ್ಮ ಹೈಕೋರ್ಟ್ ಒಂದು ಜಾಮೀನು ಆದೇಶದಲ್ಲಿ, ಎಲೆಯಿಂದ ಮಾಡುವ ಭಂಗ್ ಬಗ್ಗೆ ಇದೇ ಮಾತು ಹೇಳಿತು. ಅದನ್ನೇ ಹಿಡಿದುಕೊಂಡು "ಭಂಗ್‌ಗೆ ಕಾನೂನಿನ ಅಡ್ಡಿ ಇಲ್ಲ" ಅಂತ ಕೆಲವರು ಹೇಳುತ್ತಾರೆ. ಆಯುರ್ವೇದದ ವಿಜಯಾ ಔಷಧಿಗಳು ಪರವಾನಗಿ ಪಡೆದು ಬರುತ್ತವೆ. ಆದರೆ ಔಷಧ ನಿಯಮಗಳಲ್ಲಿ ಅದು ವಿಷದ ಅಂಶ ಇರುವ ಮೂಲಿಕೆಗಳ ಪಟ್ಟಿಯಲ್ಲಿದೆ. ವೈದ್ಯರ ನಿಗಾದಲ್ಲೇ ತಗೊಳ್ಳಬೇಕು ಅಂತ ಲೇಬಲ್ ಮೇಲೆ ಎಚ್ಚರಿಕೆ ಇರಬೇಕು. ಹಾಗೆ ಯಾರೋ ಹೇಳಿದರು ಅಂತ ಹನಿ ಏರಿಸುತ್ತಾ ಹೋಗುವಂಥದ್ದಲ್ಲ. ಇನ್ನು ಸೇದುವ ಗಾಂಜಾ ಸ್ವಲ್ಪವೇ ಇಟ್ಟುಕೊಂಡರೂ ಅಪರಾಧವೇ.

ಇದೆಲ್ಲ ಒಂದು ಕಡೆ ಇರಲಿ. ಗಾಡಿ ಹತ್ತಿದ ಮೇಲೆ ಬರುವುದು ಮೋಟಾರು ವಾಹನ ಕಾಯ್ದೆಯ 185ನೇ ಕಲಂ. ಅದು ಮದ್ಯಕ್ಕೆ ಮಾತ್ರ ಅಂತ ಜನ ತಿಳಿದಿದ್ದಾರೆ. ಮದ್ಯಕ್ಕೆ 100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂ ಅಂತ ಗೆರೆ ಇದೆ. ಗಾಡಿಯ ಮೇಲೆ ಹಿಡಿತ ತಪ್ಪುವಷ್ಟು ಮಾದಕ ವಸ್ತುವಿನ ಪ್ರಭಾವದಲ್ಲಿದ್ದರೂ ಅದೇ ಕಲಂ, ಅದೇ ಶಿಕ್ಷೆ. ಮೊದಲ ಸಲಕ್ಕೆ ಆರು ತಿಂಗಳ ತನಕ ಜೈಲು, ಅಥವಾ 10,000 ರೂಪಾಯಿ ತನಕ ದಂಡ, ಅಥವಾ ಎರಡೂ. ಪೊಲೀಸರು ಊದಿಸುವ ಯಂತ್ರದಲ್ಲಿ ಭಂಗಿ ಕಾಣುವುದಿಲ್ಲ ನಿಜ. ಅಪಘಾತ ಆಗಿ ರಕ್ತ ಪರೀಕ್ಷೆಗೆ ಹೋದರೆ ಕಾಣುತ್ತದೆ. ಗಾಡಿಗೆ ಆದ ಹಾನಿಯ ಪರಿಹಾರವನ್ನು ವಿಮೆಯವರು ಈ ಕಾರಣಕ್ಕೇ ನಿರಾಕರಿಸಬಹುದು, ಪಾಲಿಸಿಯಲ್ಲಿ ಆ ಷರತ್ತು ಬರೆದೇ ಇರುತ್ತದೆ.

ಇನ್ನೊಂದು ಮಾತು ಸಿದ್ದಾಪುರದ ಹಿರಿಯರಿಗೆ. ಚಟ ಬಿಡಬೇಕು ಅಂತ ತಾವಾಗಿಯೇ ಸರ್ಕಾರ ನಡೆಸುವ ಅಥವಾ ಮಾನ್ಯತೆ ಕೊಟ್ಟ ಕಡೆ ಚಿಕಿತ್ಸೆಗೆ ಹೋಗುವವರಿಗೆ ಎನ್‌ಡಿಪಿಎಸ್ ಕಾಯ್ದೆಯ 64-ಎ ಕಲಂ ರಕ್ಷಣೆ ಕೊಡುತ್ತದೆ. ಕೇಸು ಬೀಳುತ್ತದೆ ಅಂತ ಹೆದರಿ ವೈದ್ಯರಿಂದ ದೂರ ಉಳಿಯಬೇಡಿ.

ರಾತ್ರಿ ಪಾಳಿ, ಕಾರವಾರ
ಸೋಮವಾರ, ಬೆಳಿಗ್ಗೆ 9:40

ನಾನು ನರ್ಸ್. ಈಗಷ್ಟೇ ಪಾಳಿ ಮುಗಿಸಿ ಬಂದೆ. ಎರಡೇ ಮಾತು.

ಅಪಘಾತ ಆಗಿ ಬಂದ ಹಿರಿಯರಿಗೆ "ಕುಡಿದಿದ್ದೀರಾ" ಅಂತ ನಾವು ಕೇಳುತ್ತೇವೆ. "ಹನಿ, ಸೊಪ್ಪು, ಲೇಹ್ಯ ಏನಾದರೂ ತಗೊಂಡಿದ್ದೀರಾ" ಅಂತ ಕೇಳುವ ರೂಢಿ ಎಲ್ಲ ಕಡೆ ಇಲ್ಲ. ನಾವು ಕೇಳದಿದ್ದರೂ ಮನೆಯವರು ಹೇಳಿ. ಮೂಳೆ ಕೂರಿಸಲು ಅರಿವಳಿಕೆ ಔಷಧಿ ಕೊಡುವಾಗ ಆ ವಿವರ ಬಹಳ ಬೇಕು. ನಾವು ಪೊಲೀಸರ ಹಾಗೆ ನೋಡುತ್ತೇವೆ ಅಂತ ಹೆದರಿ ಮುಚ್ಚಿಡುತ್ತಾರೆ. ಆಗ ಅಪಾಯ ರೋಗಿಗೇ.

ಎರಡನೆಯದು ನಮ್ಮ ಜಿಲ್ಲೆಯದ್ದೇ ನೋವು. ತಲೆಗೆ ಪೆಟ್ಟು ಬಿದ್ದರೆ ನಾವು ಈಗಲೂ ಮಣಿಪಾಲ, ಮಂಗಳೂರು, ಹುಬ್ಬಳ್ಳಿ, ಗೋವಾ ಅಂತ ಓಡಬೇಕು. 2022ರ ಜುಲೈನಲ್ಲಿ ಹೊನ್ನಾವರದಿಂದ ರೋಗಿಯನ್ನು ಒಯ್ಯುತ್ತಿದ್ದ ಆಂಬುಲೆನ್ಸ್ ಶಿರೂರು ಟೋಲ್ ಹತ್ತಿರ ಮಗುಚಿದ್ದು ನೆನಪಿದೆ ಅಲ್ವಾ? ಆಗ ಇಡೀ ಜಿಲ್ಲೆ ಆಸ್ಪತ್ರೆ ಬೇಕು ಅಂತ ಕೂಗಿತು. ಹರೆಯದವರ ಮೈ ಆ ಎರಡು ಮೂರು ಗಂಟೆಯ ದಾರಿ ತಡೆದುಕೊಳ್ಳಬಹುದು. ಎಪ್ಪತ್ತರವರ ಮೈ ತಡೆಯುವುದಿಲ್ಲ. ಸಣ್ಣ ಪೆಟ್ಟೂ ಅವರಿಗೆ ದೊಡ್ಡದೇ. ನಾನು ನೋಡಿದ್ದೇನೆ.

ಅಡಿಕೆ ತೋಟ, ಸಿದ್ದಾಪುರ
ಮಂಗಳವಾರ, ಸಂಜೆ 4:25

ತಂಗಿ, ನೀನು ಹೇಳಿದ ಹಾಗೆ ಕೇಳಿದೆ. ನನ್ನ ಅಕ್ಕನ ಮಗ ಪಕ್ಕದ ಮನೆಯಲ್ಲೇ ಇರುವುದು. ಯಕ್ಷಗಾನಕ್ಕೆ ಹೋಗುವಾಗ ಯಾವಾಗಲೂ ನನ್ನ ಗಾಡಿಯಲ್ಲೇ ಬರುತ್ತಿದ್ದ. ಎರಡು ವರ್ಷದಿಂದ ಬರುವಾಗ ಮಾತ್ರ ಬೇರೆ ಯಾರದೋ ಬೈಕ್ ಹತ್ತಿಬಿಡುತ್ತಾನೆ. ಹುಡುಗರಿಗೆ ಹುಡುಗರ ಜೊತೆ ಅಂತ ನಾನು ತಿಳಿದಿದ್ದೆ.

ನಿನ್ನೆ ಕೂರಿಸಿಕೊಂಡು ಕೇಳಿದೆ. ಮೊದಲು ಏನೂ ಹೇಳಲಿಲ್ಲ. ಒತ್ತಾಯ ಮಾಡಿದ ಮೇಲೆ ಹೇಳಿದ: "ಮಾವ, ರಾತ್ರಿ ನಿಮ್ಮ ಗಾಡಿಯಲ್ಲಿ ಬರೋದಕ್ಕೆ ನಂಗೆ ಹೆದರಿಕೆ. ಒಂದು ಸಲ ಸೇತುವೆ ಹತ್ತಿರ ಕಟ್ಟೆಗೆ ಒಂದು ಗೇಣು ಇತ್ತು. ನೀವು ಮಾತಾಡ್ತಾನೇ ಇದ್ರಿ, ನಿಮಗೆ ಗೊತ್ತೇ ಆಗ್ಲಿಲ್ಲ."

ಇಷ್ಟು ದಿನ ಯಾಕೆ ಹೇಳಲಿಲ್ಲ ಎಂದೆ. "ನಿಮಗೆ ಬೇಜಾರಾಗ್ತದೆ ಅಂತ" ಎಂದ.

ಒಬ್ಬರಿಗೂ ತಾಗಿಸಿಲ್ಲ ಅಂತ ನಾನು ಬರೆದಿದ್ದೆನಲ್ಲ. ಆ ರಾತ್ರಿ ತಾಗಿಸದೆ ಬಂದಿದ್ದು ನನ್ನ ಜಾಗ್ರತೆಯಿಂದ ಅಲ್ಲ. ಅವನಿಗೆ ಈಗ ಇಪ್ಪತ್ತಮೂರು ವರ್ಷ. ಅಕ್ಕನಿಗೆ ಇರುವುದು ಅವನೊಬ್ಬನೇ. ನಿನ್ನೆ ರಾತ್ರಿ ನನಗೂ ನಿದ್ದೆ ಬರಲಿಲ್ಲ.

ಚಾವಿ ಅವನ ಕೈಗೆ ಕೊಟ್ಟಿದ್ದೇನೆ. ಯಾರೂ ಕಿತ್ತುಕೊಂಡಿದ್ದಲ್ಲ, ನಾನೇ ಕೊಟ್ಟಿದ್ದು. ಬೆಳಿಗ್ಗೆ ಹತ್ತರ ಮೇಲೆ ಬೇಕಾದರೆ ಅವನ ಮುಖ ನೋಡಿ, ಎರಡು ಮಾತಾಡಿ ತಗೊಳ್ಳಬೇಕು. ಸಂಜೆ ಐದಕ್ಕೆ ಮತ್ತೆ ಅಲ್ಲಿಗೇ. ಬಿಡುವುದು ಆಗುತ್ತದೋ ಇಲ್ಲವೋ ನನಗೆ ಇನ್ನೂ ಗೊತ್ತಿಲ್ಲ. ಡಾಕ್ಟರ್, ಬಿಟ್ಟರೆ ಏನಾಗುತ್ತದೆ ಅಂತ ತಿಳಿಸುತ್ತೀರಾ?

ನಿವೃತ್ತ ವೈದ್ಯ, ಹೊನ್ನಾವರ
ಮಂಗಳವಾರ, ಸಂಜೆ 6:00

ದಿನಾ ಸೇದುವವರು ನಿಲ್ಲಿಸಿದರೆ ಮೊದಲ ವಾರ ನಿದ್ದೆ ಕೆಡುತ್ತದೆ. ಕಾರಣ ಇಲ್ಲದೆ ಸಿಟ್ಟು ಬರುತ್ತದೆ, ಊಟ ಸೇರುವುದಿಲ್ಲ, ವಿಚಿತ್ರ ಕನಸು ಬೀಳುತ್ತದೆ. ಸಾಮಾನ್ಯವಾಗಿ ಎರಡು ವಾರದೊಳಗೆ ಬಹಳಷ್ಟು ಇಳಿಯುತ್ತದೆ. ಆ ದಿನಗಳಲ್ಲಿ ಒಬ್ಬರೇ ಇರಬೇಡಿ. ಅಕ್ಕನ ಮಗನ ಮನೆಯಲ್ಲಿ ರಾತ್ರಿ ಊಟ ಮಾಡಿ. 14446 ಚಟ ಬಿಡಿಸುವ ಉಚಿತ ಸಹಾಯವಾಣಿ. ಮನಸ್ಸು ಭಾರವಾದರೆ 14416, ಟೆಲಿ ಮಾನಸ್, ಕನ್ನಡದಲ್ಲೇ ಮಾತಾಡುತ್ತಾರೆ. ಹಿರಿಯರಿಗೆ ಅಂತಲೇ 14567 ಇದೆ. ಹೆಂಡತಿಯನ್ನು ಕಳೆದುಕೊಂಡ ದುಃಖ ನಾಲ್ಕು ವರ್ಷವಾದರೂ ಸಂಜೆ ಹೊತ್ತಿಗೆ ಬರುತ್ತದೆ ಅಂದರೆ ಅದನ್ನೂ ವೈದ್ಯರ ಹತ್ತಿರ ಹೇಳಿಕೊಳ್ಳಬೇಕು.

ಮತ್ತೆ ಮೂಲ ಪ್ರಶ್ನೆ ಕೇಳಿದವರಿಗೆ. ಅಪ್ಪನ ಮೊಣಕಾಲನ್ನು ಮರೆಯಬೇಡಿ. ನೋವಿಗೆ ದಾರಿ ತೋರಿಸದೆ ಹನಿ ಮಾತ್ರ ಕಿತ್ತುಕೊಂಡರೆ ಅವರು ಅಡಗಿಸಿ ತಗೊಳ್ಳುತ್ತಾರೆ. ತೊಡೆಯ ಸ್ನಾಯು ಗಟ್ಟಿ ಮಾಡುವ ವ್ಯಾಯಾಮವನ್ನು ಫಿಸಿಯೋಥೆರಪಿಯವರಿಂದ ಕಲಿತು ದಿನಾ ಮಾಡಿಸಿ. ಕುರ್ಚಿಯಲ್ಲಿ ಕೂತು ಕಾಲು ನೇರ ಎತ್ತಿ ಹಿಡಿಯುವುದರಿಂದ ಶುರು ಮಾಡಬಹುದು. ನೋವಿರುವ ಕಾಲಿನ ಎದುರು ಬದಿಯ ಕೈಯಲ್ಲಿ ಕೋಲು ಹಿಡಿಯಬೇಕು. ಹೆಚ್ಚಿನವರು ತಪ್ಪು ಕೈಯಲ್ಲಿ ಹಿಡಿಯುತ್ತಾರೆ.

ಅಘನಾಶಿನಿ ದಂಡೆ, ಕುಮಟಾ
ಬುಧವಾರ, ಬೆಳಿಗ್ಗೆ 7:20

ಮಾವ, ನಿಮ್ಮ ಬರಹ ಓದಿ ಅಪ್ಪ ಅತ್ತರು. ನಾನು ಅವರನ್ನು ಹಾಗೆ ನೋಡಿದ್ದು ಕಡಿಮೆ. ನಿಮಗೆ ಫೋನ್ ಮಾಡಬಹುದಾ ಅಂತ ಕೇಳುತ್ತಿದ್ದಾರೆ. ನಿಮಗೆ ಒಪ್ಪಿಗೆ ಇದ್ದರೆ ನನಗೆ ಒಳಪೆಟ್ಟಿಗೆಯಲ್ಲಿ ನಂಬರ್ ಕಳಿಸಿ.

ನಮ್ಮ ಮನೆಯಲ್ಲಿ ಆಗಿದ್ದು ಇಷ್ಟು. ಬಾಟಲಿ ತಗೊಂಡು ವೈದ್ಯರ ಹತ್ತಿರ ಹೋದೆವು. ಅಪ್ಪ ರಾತ್ರಿ ಬಿಪಿ ಮಾತ್ರೆ ಜೊತೆಗೇ ಹನಿಯನ್ನೂ ತಗೊಳ್ಳುತ್ತಿದ್ದರು ಅಂತ ಅಲ್ಲಿ ಗೊತ್ತಾಯಿತು. ಬೆಳಿಗ್ಗೆ ಎದ್ದಾಗ ತಲೆ ಸುತ್ತುತ್ತದೆ ಎಂದು ಆರು ತಿಂಗಳಿಂದ ಹೇಳುತ್ತಿದ್ದರು, ನಾವು ವಯಸ್ಸು ಅಂತ ಬಿಟ್ಟಿದ್ದೆವು. ಮಧ್ಯಾಹ್ನದ ಹನಿ ಪೂರ್ತಿ ನಿಂತಿದೆ. ರಾತ್ರಿಯದ್ದನ್ನು ಇಳಿಸುತ್ತಾ ಬರಲು ಹೇಳಿದ್ದಾರೆ. ಅಡುಗೆಮನೆ ಕ್ಯಾಲೆಂಡರ್‌ನಲ್ಲಿ ತಗೊಂಡ ಹೊತ್ತು, ಎಷ್ಟು ಹನಿ ಅಂತ ಅಪ್ಪನೇ ಬರೆಯುತ್ತಾರೆ. ಎಡಗೈಯಲ್ಲಿ ಬರೆಯುವುದರಿಂದ ಅಕ್ಷರ ದೊಡ್ಡದಾಗಿ ಬರುತ್ತದೆ, ಬಾಗಿಲಿನಿಂದಲೇ ಕಾಣುತ್ತದೆ.

ಕೈ ಸರಿ ಹೋಗುವ ತನಕ ಸ್ಕೂಟರ್ ಹೇಗೂ ಇಲ್ಲ. ಆಮೇಲೆ ಏನು ಅಂತ ಅವರೇ ತೀರ್ಮಾನ ಮಾಡಿದ್ದಾರೆ. ಹೆದ್ದಾರಿಗೂ ಘಟ್ಟಕ್ಕೂ ಇನ್ನು ಬಸ್ಸು. ಹಿರಿಯ ನಾಗರಿಕರಿಗೆ ಟಿಕೆಟ್‌ನಲ್ಲಿ 25 ಶೇಕಡಾ ರಿಯಾಯಿತಿ ಇದೆ, ಇಷ್ಟು ವರ್ಷ ಅವರು ಅದನ್ನು ಬಳಸಿಯೇ ಇರಲಿಲ್ಲ. ಅಮ್ಮನಿಗೆ ಶಕ್ತಿ ಯೋಜನೆಯಲ್ಲಿ ಹೇಗೂ ಉಚಿತ, ಇಬ್ಬರೂ ಒಟ್ಟಿಗೆ ಹೋಗಬಹುದು ಅಂತ ಅಮ್ಮ ಖುಷಿಯಲ್ಲಿದ್ದಾರೆ. ಸ್ಕೂಟರ್ ಊರೊಳಗೆ ಮಾತ್ರ, ಹನಿ ಇಲ್ಲದ ದಿನ ಮಾತ್ರ.

ಒಂದೇ ಚಿಂತೆ ಉಳಿದಿದೆ. ನಮ್ಮ ಕಡೆ ಬಸ್ ಬೆಳಿಗ್ಗೆ ಒಂದು, ಸಂಜೆ ಒಂದು. ನಡುವೆ ಫಿಸಿಯೋಥೆರಪಿಗೆ ಹೋಗಬೇಕು ಅಂದರೆ ದಾರಿ ಇಲ್ಲ. ಗುರುವಾರ ಹನ್ನೊಂದಕ್ಕೆ ಕರೆದಿದ್ದಾರೆ, ನನಗೆ ಶಾಲೆ ಇದೆ.

ಅರಬೈಲ್ ಘಟ್ಟ
ಬುಧವಾರ, ಬೆಳಿಗ್ಗೆ 7:45

ಅಕ್ಕ, ಗುರುವಾರ ನನಗೆ ಲೋಡ್ ಇಲ್ಲ. ನನ್ನ ತಮ್ಮನ ರಿಕ್ಷಾ ತಗೊಂಡು ಬರುತ್ತೇನೆ. ಮನೆ ಎಲ್ಲಿ ಅಂತ ಹೇಳಿ, ಹತ್ತೂವರೆಗೆ ಬಾಗಿಲಲ್ಲಿ ಇರುತ್ತೇನೆ. ಬಾಡಿಗೆ ಮಾತು ಬೇಡ.

ಅಘನಾಶಿನಿ ದಂಡೆ, ಕುಮಟಾ
ಬುಧವಾರ, ಬೆಳಿಗ್ಗೆ 7:52

ಅಣ್ಣ, ಒಳಪೆಟ್ಟಿಗೆ ನೋಡಿ. ಅಪ್ಪ ಹತ್ತಕ್ಕೇ ಅಂಗಿ ಹಾಕಿಕೊಂಡು ಜಗುಲಿಯಲ್ಲಿ ಕೂತಿರುತ್ತಾರೆ. ಅಮ್ಮ ಆಸೆ ಪಟ್ಟಿದ್ದಾರೆ, ನೀವು ಬೇಗ ಬಂದರೆ ದೋಸೆ ತಿಂದೇ ಹೋಗಬೇಕಂತೆ.